ಕೊಪ್ಪರಿಗೆಯ ಮುಂದೆ ಗ್ರೀಕ್

ಹಾಸನೂರಿನಿಂದ ತಾಳಮಲೆಯವರೆಗೆ, ಆನೆ ಓಡಾಡುವ ಅಷ್ಟೂ ನೆಲದಲ್ಲಿ, ಅನ್ನ ಮಾಡಲು ಬರುತ್ತಿದ್ದ ಗಂಡಸು ಒಬ್ಬನೇ ಇದ್ದ. ಅವನ ಹೆಸರು ಮಲ್ಲಯ್ಯ.

ನಗಬೇಡಿ. ಎಪ್ಪತ್ತರ ದಶಕದ ಕಾಲ ಅದು. ತಾಳವಾಡಿಯ ಸೀಮೆಯಲ್ಲಿ ಕಣ್ಣು ಮುಚ್ಚಿಕೊಂಡು ರಾಗಿಮುದ್ದೆ ಕಟ್ಟುವ ಕೈಗಳು ಮನೆಮನೆಯಲ್ಲೂ ಇದ್ದವು. ಅನ್ನ ಮಾತ್ರ ಮದುವೆಗೋ ಹಬ್ಬಕ್ಕೋ ಒಲೆ ಏರುವ ಅಪರೂಪದ ನೆಂಟ. ಆ ನೆಂಟನ ಸ್ವಭಾವ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊಪ್ಪರಿಗೆ ತುಂಬ ಅಕ್ಕಿ ಸುರಿದರೆ ಮೇಲೆ ಗಂಜಿ, ನಡುವೆ ಅಂಟು, ತಳದಲ್ಲಿ ಇದ್ದಿಲು ಎಂಬುದೇ ಮದುವೆ ಅನ್ನದ ಲಕ್ಷಣವೆಂದು ಜನ ನಂಬಿದ್ದರು. ಮಲ್ಲಯ್ಯ ಮಾಡಿದ ಅನ್ನವೋ! ಪಾಲಾಗಿ ಬೇರೆ ಮನೆ ಹೂಡಿದ ಅಣ್ಣತಮ್ಮಂದಿರ ಹಾಗೆ, ಒಂದಗುಳು ಇನ್ನೊಂದಗುಳಿನ ಮೈ ಸೋಕುತ್ತಿರಲಿಲ್ಲ.

ಇದಕ್ಕೆಲ್ಲ ಅವನ ಮಂತ್ರವೇ ಕಾರಣವೆಂದು ಸೀಮೆಯೆಲ್ಲ ಒಪ್ಪಿತ್ತು. ಕುದಿಯುವ ಎಸರಿಗೆ ಅಕ್ಕಿ ಸುರಿದು ಮುಚ್ಚಳ ಹಾಕಿದನೆಂದರೆ ಮಲ್ಲಯ್ಯ ಕೈಕಟ್ಟಿ, ಅರೆಗಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಶುರು: “ಲೂಓ, ಲೂಎಯ್ಸ್, ಲೂಎಯ್; ಲೂಒಮೆನ್, ಲೂಎತೆ, ಲೂಊಸಿ...” ಅದು ಹಾಗೇ ತಿರುವು ತಿರುವಾಗಿ ಸಾಗಿ, ದಿಂಬಂ ಘಾಟಿ ಹತ್ತಿದ ಬಸ್ಸಿನ ಹಾಗೆ ಏದುಸಿರು ಬಿಟ್ಟು, ಕೊನೆಗೆ “ಲೆಲೂಕಾಸಿ!” ಎಂಬ ಕೂಗಿನಲ್ಲಿ ನಿಲ್ಲುತ್ತಿತ್ತು. ಆ ಕೂಗಿಗೇ ಮುಚ್ಚಳ ತೆಗೆದು ಗಂಜಿ ಬಸಿಯುವುದು. ಒಂದು ಉಸಿರು ಮುಂಚೆ ಇಲ್ಲ, ಒಂದು ಉಸಿರು ತಡ ಇಲ್ಲ.

ಅದು ಯಾವ ಭಾಷೆಯೆಂಬುದರ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ. ಗುಡಿಯ ಪೂಜಾರಿ ಅದು ಮಲೆಯಾಳದ ಮಾಟದ ಮಂತ್ರವೆಂದ. ಟೀ ಅಂಗಡಿಯ ಮಲೆಯಾಳಿ ಕಾಕಾ ಅದು ಶುದ್ಧ ಸಂಸ್ಕೃತವೆಂದ. ಫಾರೆಸ್ಟ್ ಗಾರ್ಡು ತನ್ನ ದೊಡ್ಡ ಸಾಹೇಬರು ಸಿಟ್ಟು ಬಂದಾಗ ಹೀಗೇ ಇಂಗ್ಲಿಷು ಮಾತಾಡುವರೆಂದ. ಮಲ್ಲಯ್ಯ ಮೈಸೂರಿನ ಕಡೆ ಪಾದ್ರಿಗಳಾಗಲು ಓದುವ ಹುಡುಗರ ಮಠವೊಂದರಲ್ಲಿ ಅಡುಗೆಗಿದ್ದು ಬಂದವನು. ಅಲ್ಲಿಂದಲೇ ತಂದಿದ್ದಾನೆ ಎನ್ನುವುದಷ್ಟೇ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮಂತ್ರ ಅನ್ನಕ್ಕಷ್ಟೇ ನಿಲ್ಲಲಿಲ್ಲ. ಘಾಟಿಯ ತಿರುವಿನಲ್ಲಿ ಹೊಗೆ ಕಾರಿ ನಿಂತ ಬಸ್ಸಿನ ಮುಂದೆ ಮಲ್ಲಯ್ಯ ಒಂದು ಸಲ ಅದನ್ನು ಪೂರ್ತಿ ಹೇಳಿದ, ಬಸ್ಸು ಹೊರಟಿತು. ತಾಳಮಲೆ ದಾರಿಗೆ ಅಡ್ಡ ನಿಂತ ಒಂಟಿ ಸಲಗದ ಎದುರು ಹೇಳಿದ. ಸಲಗ ಸೊಂಡಿಲು ಮಡಿಸಿಕೊಂಡು ಕಾಡಿಗಿಳಿಯಿತು. ಇವನ್ನೆಲ್ಲ ಕಂಡವರಿದ್ದರು. ಕಾಣದವರು ಇನ್ನೂ ಚೆನ್ನಾಗಿ ಹೇಳುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ಅವನ ಅಕ್ಕ ಪುಟ್ಟಮಾದಮ್ಮ. ಆಕೆಯ ಮಗಳು ಪುಟ್ಟಿಯನ್ನು ಗುಮಟಾಪುರದ ಕೇತಮ್ಮ ತನ್ನ ಮಗ ಸಣ್ಣನಿಗೆ ತಂದುಕೊಳ್ಳಲು ಒಪ್ಪಿದ್ದರಲ್ಲಿ ಹುಡುಗಿಯ ಗುಣದ ಪಾಲು ಅರ್ಧವಾದರೆ ಸೋದರಮಾವನ ಅನ್ನದ ಪಾಲು ಅರ್ಧ. “ನಮ್ಮ ಕಡೇವ್ರಿಗೆ ಮಲ್ಲಯ್ಯನ ಕೈ ಅನ್ನ ಬಡಿಸ್ತೀರಾ?” ಎಂದು ಕೇತಮ್ಮ ಒಪ್ಪಂದದ ದಿನವೇ ಕೇಳಿದ್ದಳು. “ಉದುರುದುರಾಗಿ ಬಡಿಸ್ತೀವಿ” ಎಂದು ಪುಟ್ಟಮಾದಮ್ಮ ಎದೆ ತಟ್ಟಿದ್ದಳು.

ಈಗ ಮದುವೆಯ ಬೆಳಿಗ್ಗೆ. ಪುಟ್ಟಮಾದಮ್ಮನ ಮನೆಯ ಹಿತ್ತಲಿನಲ್ಲಿ ಎರಡು ಕೊಪ್ಪರಿಗೆ: ಒಂದು ಗಂಡಿನ ಕಡೆಯ ಹಿರಿಯರ ಊಟಕ್ಕೆ, ಇನ್ನೊಂದು ತಾಳಿ ಕಟ್ಟಿದ ಮೇಲೆ ಬೀಗರಿಗೂ ಊರಿಗೂ. ಮೊದಲನೆಯದರ ಎಸರು ಕಾಯುತ್ತಿರುವಾಗ, ಬಾಯಿ ಹದವಾಗಿದೆಯೇ ಎಂದು ಮಲ್ಲಯ್ಯ ಒಂದು ಸಾಲು ಹೇಳಿ ನೋಡಿಕೊಂಡ. ಅಷ್ಟಕ್ಕೇ ಚಪ್ಪರದಲ್ಲಿ ಕೂತಿದ್ದ ಜ್ಞಾನಪ್ರಕಾಶ ಮೇಷ್ಟ್ರು ಚೇಳು ಕಡಿದವರಂತೆ ಎದ್ದು ಹಿತ್ತಲಿಗೆ ಓಡಿಬಂದರು. ಪಾದ್ರಿಯಾಗಲು ಹೋಗಿ, ಅರ್ಧಕ್ಕೆ ಬಿಟ್ಟು ಬಂದು, ತಾಳವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮನುಷ್ಯ. ಕಲಿತಿದ್ದ ಗ್ರೀಕನ್ನು ಕೇಳುವವರಿಲ್ಲದೆ ವರ್ಷಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. “ಇದು ಗ್ರೀಕ್! ಬಿಚ್ಚು ಅಂತ ಅರ್ಥ! ನಾನು ಬಿಚ್ಚುತ್ತೇನೆ, ನೀನು ಬಿಚ್ಚುತ್ತೀಯೆ!” ಎಂದು ಅವರು ಆನಂದಬಾಷ್ಪ ಸುರಿಸಿದ್ದು ಹಿತ್ತಲಿನಲ್ಲಾದರೂ ಕೇಳಿಸಿದ್ದು ಗುಮಟಾಪುರದ ಬೀಗರ ಚಾಪೆಗೆ.

ಕೇತಮ್ಮ: (ಚಾಪೆ ಬಿಟ್ಟು ಹಿತ್ತಲಿಗೆ ನುಗ್ಗಿ) ಒಲೆ ಆರ್ಸವ್ವ ಮೊದ್ಲು! ನನ್ನ ಮಗ ತಾಳಿ ಕಟ್ಟೋ ದಿನ ನಿನ್ನ ತಮ್ಮ ಬಿಚ್ಚೋ ಮಂತ್ರ ಯೋಳ್ತಾವ್ನ?

ಪುಟ್ಟಮಾದಮ್ಮ: ಬೀಗ್ರೇ, ವಸಿ ಮೆತ್ತಗ ಮಾತಾಡಿ. ಚಪ್ಪರದ ತುಂಬ ಜನ ಅವ್ರ. ಅದು ಅನ್ನದ ಮಂತ್ರ ಕಣಿ.

ಕೇತಮ್ಮ: ಅನ್ನದ ಮ್ಯಾಲ ಯೋಳದ್ದು ಅನ್ನ ಉಂಡವ್ರ ಒಟ್ಟೆಗ ಓಗಕಿಲ್ವಾ? ನನ್ನ ಮಗ ಉಣ್ಣಕಿಲ್ವಾ? ನಿನ್ನ ಮಗಳು ಉಣ್ಣಕಿಲ್ವಾ? ಇವತ್ತು ಕಟ್ಟಿದ ಗಂಟು ಯಾವತ್ತು ಬಿಚ್ಕಂಡದು ಅಂತ ನಾನು ಕಾಯ್ಕಂಡು ಕುಂತಿರ್ಬೇಕಾ?

ಮೇಷ್ಟ್ರು: ತಾಯಿ, ತಾವು ತಪ್ಪು ತಿಳಿದಿರಿ. ಇದು ಮಂತ್ರವೇ ಅಲ್ಲ. ಗ್ರೀಕ್ ಭಾಷೆಯ ಒಂದು ಕ್ರಿಯಾಪದ. ಅದನ್ನ ಕಲಿಯೋರೆಲ್ಲ ಮೊದಲು ಬಾಯಿಪಾಠ ಮಾಡೋದು ಇದನ್ನೇ.

ಕೇತಮ್ಮ: ಗಿರೀಕು ಅಂದ್ರ ಯಾವೂರು?

ಮೇಷ್ಟ್ರು: ಸಮುದ್ರದಿಂದಾಚೆ, ತಾಯಿ. ಬಹಳ ದೂರ.

ಕೇತಮ್ಮ: ಅಷ್ಟು ದೂರದಿಂದ ಬಂದು ನನ್ನ ಮಗನ ಮದ್ವೇಲೇ ಬಿಚ್ಬೇಕಾಗಿತ್ತಾ?

ಮಲ್ಲಯ್ಯ: (ಒಲೆಯ ಬಳಿಯಿಂದ) ಅಕ್ಕೋ, ಎಸರು ಕುದಿತಾ ಅದ. ಅಕ್ಕಿ ಉಯ್ಲಾ?

ಪುಟ್ಟಮಾದಮ್ಮ: ಸುಮ್ಕಿರ್ಲಾ ನೀನು! ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಆ ಪದಕ್ಕ ಬ್ಯಾರೆ ಅರ್ಥ ಒಂದಾದ್ರೂ ಇಲ್ವಾ?

ಮೇಷ್ಟ್ರು: ಯಾಕಿಲ್ಲ? ಧಾರಾಳವಾಗಿದೆ! ಸಡಿಲಿಸು, ಬಿಡಿಸು, ಕರಗಿಸು, ಮುರಿ, ಕೆಡವು...

ಪುಟ್ಟಮಾದಮ್ಮ: ಸಾಕು, ಸಾಕು.

ಕೇತಮ್ಮ: ಕೇಳಿಸ್ಕಂಡ್ರೇನ್ರಪ್ಪ! ಮುರಿ ಅಂತ, ಕೆಡವು ಅಂತ! ಇದಕ್ಕಿಂತ ಬಿಚ್ಚೋದೇ ವಾಸಿಯಾಗಿತ್ತು.

ಪುಟ್ಟಮಾದಮ್ಮ ಗಂಡ ದೊಡ್ಡಮಾದನನ್ನು ಕಣ್ಣಲ್ಲೇ ಹುಡುಕಿದಳು. ಇನ್ನಷ್ಟು ಬಾಳೆಎಲೆ ಕೊಯ್ಯಲು ಹೋದ ಆ ಪುಣ್ಯಾತ್ಮ, ಇಂಥ ಹೊತ್ತಿನಲ್ಲೆಲ್ಲ ಮಾಡುವಂತೆ, ಇನ್ನೂ ಕೊಯ್ಯುತ್ತಲೇ ಇದ್ದ. ಮೇಷ್ಟ್ರಿಗೆ ಮಾತ್ರ ಹುರುಪು ಏರುತ್ತಿತ್ತು.

ಮೇಷ್ಟ್ರು: ಅದು ಎಂಥೆಂಥ ಮಂಗಳಕರ ಸಂದರ್ಭದಲ್ಲಿ ಬರ್ತದೆ ಗೊತ್ತೇ ತಾಯಿ? ಪಾದ್ರಿಗಳ ಶಾಸ್ತ್ರದಲ್ಲಿ ಕತ್ತೆಮರಿ ಬಿಚ್ಚುವಾಗ ಇದೇ ಪದ. ಚಪ್ಪಲಿ ಬಾರು ಬಿಚ್ಚುವ ಮಾತು ಬಂದಾಗ ಇದೇ ಪದ. ಅಷ್ಟೇ ಅಲ್ಲ, ಹೆಣಕ್ಕೆ ಸುತ್ತಿದ ಬಟ್ಟೆ...

ಪುಟ್ಟಮಾದಮ್ಮ: ಮೇಷ್ಟ್ರೇ!

ಮೇಷ್ಟ್ರು: ಎದ್ದು ಬಂದ ಹೆಣ ತಾಯಿ! ಬದುಕಿ ಎದ್ದು ಬಂದದ್ದು! ಶುಭವೇ!

ಕೇತಮ್ಮ: ಚಪ್ಪರದಾಗ ಕತ್ತೆ ಬಂತು, ಚಪ್ಪಲಿ ಬಂತು, ಈಗ ಹೆಣಾನೂ ಎದ್ದು ಬಂತು. ಇನ್ನ ಯಾರು ಬರ್ಬೇಕು? ಲೇ ಸಣ್ಣ, ಏಳ್ಲಾ. ಗಾಡಿ ಕಟ್ಟು.

ಪುಟ್ಟಮಾದಮ್ಮ: ಏನು, ಗಾಡಿ ಕಟ್ಟೋದಾ? ಬೀಗ್ರೇ, ನಿಮ್ಮೂರಲ್ಲಿ ದೀವಳಿಗೆ ಆದ್ಮ್ಯಾಲ ಸಗಣಿಲಿ ಒಡ್ದಾಡ್ಕಂಡ್ರ ಒಳ್ಳೇದಾಯ್ತದ ಅಂತೀರಿ. ನಾವು ನಕ್ಕಂಡಿದ್ದೀವಾ? ನಾವೂ ಬಂದು, ಮೂಗು ಮುಚ್ಕಳ್ದೆ, ಕೈ ಮುಗ್ದು ಓಗಿಲ್ವಾ? ನಮ್ಮ ತಮ್ಮನ ಬಾಯಿ ಮಾತು ನಿಮ್ಮ ಸಗಣಿ ಉಂಡೆಗಿಂತ ಕೆಟ್ಟದ್ದಾ?

ಕೇತಮ್ಮ: ಅದು ನಮ್ಮೂರ ದೇವ್ರು ಬೀರೇಶ್ವರನ ಹಬ್ಬ, ಅದ್ರ ಸುದ್ದಿಗ ಬರಬ್ಯಾಡ ನೋಡು. ಸಗಣಿ ಕೆರೇಲಿ ಮುಳುಗಿದ್ರ ಓಯ್ತದ. ಮಂತ್ರ ಯಾವ ಕೆರೇಲಿ ಓಯ್ತದ?

ಮೇಷ್ಟ್ರು: ಇಬ್ಬರೂ ಸಮಾಧಾನ ತಾಯಿ. ಇದರ ಮೂಲವನ್ನು ಹೇಳಿಬಿಡ್ತೇನೆ, ಆಗ ಎಲ್ಲ ಸರಿಹೋಗ್ತದೆ. ಇದು ಪರದೇಶದ ಪದ ಅಂತ ತಿಳಿಯಬೇಡಿ. ಇದರ ಒಡಹುಟ್ಟಿದ ಧಾತು ಸಂಸ್ಕೃತದಲ್ಲೂ ಇದೆ.

ಪುಟ್ಟಮಾದಮ್ಮ: ನೋಡಿದ್ರಾ ಬೀಗ್ರೇ! ದೇವ್ರ ಭಾಷೇಲೇ ಅದ!

ಕೇತಮ್ಮ: (ತುಸು ಇಳಿದು) ಅಂಗಾರ ಅಲ್ಲಿ ಏನರ್ಥ?

ಮೇಷ್ಟ್ರು: ಕೊಯ್ಯು, ಕತ್ತರಿಸು. ಕುಡುಗೋಲಿಗೆ ಲವಿತ್ರ ಅಂತಾರೆ, ಅದು ಅಲ್ಲಿಂದಲೇ ಹುಟ್ಟಿದ್ದು.

ತಾಳಿಯನ್ನು ಬರೀ ಬಿಚ್ಚುವುದಕ್ಕೂ ಕುಡುಗೋಲು ಹಿಡಿದು ಕೊಯ್ಯುವುದಕ್ಕೂ ಇರುವ ಅಂತರವನ್ನು ಕೇತಮ್ಮ ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಪುಟ್ಟಮಾದಮ್ಮ ಮೇಷ್ಟ್ರನ್ನು ಹಿತ್ತಲಿನ ಹಳ್ಳಕ್ಕೆ ನೂಕಬಹುದಾದ ದಾರಿಯನ್ನು ಅಳೆಯುತ್ತಿದ್ದಳು.

ಮಲ್ಲಯ್ಯ: ಅಕ್ಕೋ, ಒಂದು ಮಾತು...

ಪುಟ್ಟಮಾದಮ್ಮ: ನಿನ್ನ ಮಾತಿಂದ್ಲೇ ಕಣ್ಲಾ ಇಷ್ಟೆಲ್ಲ ಆಗಿರದು! ಬಾಯಿ ಮುಚ್ಚು!

ಮಲ್ಲಯ್ಯ: ಎಸರು ಬತ್ತೋಯ್ತಾ ಅದ...

ಪುಟ್ಟಮಾದಮ್ಮ: ಬತ್ತೋದ್ರ ನೀರು ಉಯ್ಯಿ! ಅದಕ್ಕೂ ಮಂತ್ರ ಬೇಕಾ?

ಮೇಷ್ಟ್ರು: ಪದ ಕೆಟ್ಟದ್ದು ಅನ್ನೋರು ಅದರ ರೂಪಗಳನ್ನ ಕೇಳಿದರೆ ಕರಗಿಹೋಗ್ತಾರೆ. ಎಂಥ ಶಿಸ್ತು! ಲೂಓ, ನಾನು ಬಿಚ್ಚುತ್ತೇನೆ. ಲೂಎಯ್ಸ್, ನೀನು ಬಿಚ್ಚುತ್ತೀಯೆ. ಲೂಎಯ್, ಅವನು ಬಿಚ್ಚುತ್ತಾನೆ. ಲೂಒಮೆನ್, ನಾವು. ಲೂಎತೆ, ನೀವು. ಲೂಊಸಿ, ಅವರು.

ಕೇತಮ್ಮ: ಒಬ್ರನ್ನೂ ಬುಡಕಿಲ್ವಾ? ಊರಿಗೂರೇ ಬಿಚ್ಚಕ ಕುಂತದಲ್ಲವ್ವ! ನಾವೂ ಅಂತ ನಮ್ಮನ್ಯಾಕ ಸೇರ್ಸೀರಿ?

ಮೇಷ್ಟ್ರು: ಹಳೇ ಗ್ರೀಕಿನಲ್ಲಿ ಇನ್ನೊಂದು ಸೊಗಸಿದೆ ತಾಯಿ. ಒಬ್ಬರಿಗೆ ಒಂದು ರೂಪ, ಬಹಳ ಜನಕ್ಕೆ ಒಂದು ರೂಪ. ಸರಿಯಾಗಿ ಇಬ್ಬರೇ ಇದ್ದರೆ ಅದಕ್ಕೇ ಅಂತ ಬೇರೊಂದು ರೂಪ! ಲೂಎತೊನ್. ನೀವಿಬ್ಬರು ಬಿಚ್ಚುತ್ತೀರಿ!

ಕೇತಮ್ಮ: ಇಬ್ರಿಗೆ ಅಂತ್ಲೇ?

ಮೇಷ್ಟ್ರು: ಇಬ್ಬರಿಗೆ ಅಂತಲೇ! ಜೋಡಿ ಎತ್ತು, ಜೋಡಿ ಕಣ್ಣು, ಗಂಡ ಹೆಂಡತಿ...

ಕೇತಮ್ಮ: ನೋಡವ್ವ ಪುಟ್ಟಮಾದಮ್ಮ. ಗಂಡ ಎಂಡ್ತಿ ಬಿಚ್ಕಳ್ಳಕ ಅಂತ್ಲೇ ಬ್ಯಾರೆ ಮಂತ್ರ ಮಾಡಿ ಮಡಗವ್ರ. ಇನ್ನ ನಾನು ಇಲ್ಲಿ ಕೂರ್ಲಾ?

ಮೇಷ್ಟ್ರು: ಇನ್ನು ಲೆಲೂಕಾಸಿ ಅಂತಾನಲ್ಲ ಮಲ್ಲಯ್ಯ, ಅದಂತೂ ಮುಕುಟಮಣಿ. ಆಗಿ ಮುಗಿದ ಕೆಲಸ. ಅವರು ಬಿಚ್ಚಿ ಆಯ್ತು, ಇನ್ನು ಬಿಚ್ಚೋದಕ್ಕೆ ಏನೂ ಉಳಿದಿಲ್ಲ ಅಂತ.

ಕೇತಮ್ಮ: ತಾಳಿ ಇನ್ನೂ ಅರಿಶಿನದ ತಟ್ಟೇಲೇ ಅದ! ಆಗ್ಲೇ ಬಿಚ್ಚಿ ಆಯ್ತಾ!

ಒಳಗಿನಿಂದ ಪುಟ್ಟಿ ಇಣುಕಿ ನೋಡಿದಳು. ಮುಖದ ತುಂಬ ಅರಿಶಿನ, ಕಣ್ಣ ತುಂಬ ನೀರು. ಅನ್ನವಿಲ್ಲದೆ ಬೀಗರನ್ನು ಕೂರಿಸಿದರೆ ಮಾನ ಹೋಗುತ್ತದೆ. ಮಲ್ಲಯ್ಯ ಬಾಯಿ ತೆರೆದರೆ ಮದುವೆ ಹೋಗುತ್ತದೆ. ಪುಟ್ಟಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಷ್ಟ್ರ ಮುಂದೆ ನಿಂತಳು.

ಪುಟ್ಟಮಾದಮ್ಮ: ನೋಡಿ ಮೇಷ್ಟ್ರೇ. ಬೆಂಕಿ ಅಚ್ಚಿದವ್ರು ನೀವು, ಆರ್ಸೋವ್ರೂ ನೀವೇ. ಆ ಗಿರೀಕು ಜನ ಬರೀ ಬಿಚ್ಕಂಡೇ ಇದ್ರಾ? ಏನೂ ಕಟ್ತಿರ್ಲಿಲ್ವಾ?

ಮೇಷ್ಟ್ರು: ಕಟ್ಟದೆ ಇರ್ತಾರೆಯೇ? ಅದಕ್ಕೂ ಕ್ರಿಯಾಪದ ಇದೆ. ದೆಓ. ಕಟ್ಟು ಅಂತ.

ಕೇತಮ್ಮ ಚಪ್ಪರದ ಕಡೆ ತಿರುಗಿ ಸಣ್ಣನಿಗೆ ಕೂರುವಂತೆ ಕೈಸನ್ನೆ ಮಾಡಿದಳು.

ಕೇತಮ್ಮ: ಕಟ್ಟು ಅಂತ್ಲೇ? ಅದ್ರೊಳಗ ಕುಡುಗೋಲು ಗಿಡುಗೋಲು ಇಲ್ಲ ತಾನೆ?

ಮೇಷ್ಟ್ರು: ಇಲ್ಲವೇ ಇಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ದನ ಕಟ್ಟೋ ದಾವಣಿ ಇದೆಯಲ್ಲ ತಾಯಿ, ಆ ದಾವಣಿಗೂ ಈ ದೆಓಗೂ ಮೂಲ ಒಂದೇ. ದೂರದ ನೆಂಟರು.

ಕೇತಮ್ಮ: ದಾವಣಿ ಅಂದ್ರ ನಮ್ಮನೇ ಪದ! ಅದ ಯೋಳ್ಲಿ. ದಾವಣಿ ಕಟ್ದಂಗ ಕಟ್ಟಾಕ್ಲಿ. ನನ್ನ ಮಗ ಅಲ್ಲಾಡಬಾರ್ದು.

ಮಲ್ಲಯ್ಯ: ಮೇಷ್ಟ್ರೇ, ಅದು ಎಷ್ಟುದ್ದ ಅದ?

ಪುಟ್ಟಮಾದಮ್ಮ: ಉದ್ದ ಕಟ್ಕಂಡು ಏನ್ಲಾ ಮಾಡೀಯ? ಅರ್ಥ ನೋಡ್ಲಾ, ಅರ್ಥ!

ಮಲ್ಲಯ್ಯ: ಅರ್ಥ ಇರ್ಲಿ ಕಣಕ್ಕ. ಉದ್ದ ಗೊತ್ತಾಗ್ಬೇಕು.

ಮೇಷ್ಟ್ರು: ಹೆಚ್ಚು ಕಡಿಮೆ ಅದರಷ್ಟೇ ಕಣಯ್ಯ. ನಾನು ಹೇಳಿಕೊಡ್ತೇನೆ, ನೀನು ನನ್ನ ಹಿಂದೆ ಹೇಳು.

ಕೇತಮ್ಮ: ಒಂದು ಮಾತು. ಮಂತ್ರ ಅರ್ಧಕ್ಕ ನಿಂತ್ರ ಕಟ್ಟಿದ್ದೂ ಅರ್ಧಕ್ಕ ನಿಂತದ. ಪೂರ್ತಿ ಮುಗಿಯೋಗಂಟ ಆ ಮುಚ್ಚಳ ಯಾರೂ ಮುಟ್ಟಂಗಿಲ್ಲ.

ಪುಟ್ಟಮಾದಮ್ಮ: ಆಯ್ತು ಬೀಗ್ರೇ. ನಾನೇ ಕಾವಲು ನಿಂತ್ಕತೀನಿ.

ಹಾಗೆ ಹೇಳಿ ಆಕೆ ಸೌಟು ಹಿಡಿದು ಕೊಪ್ಪರಿಗೆಯ ಪಕ್ಕ ನಿಂತಳು, ಕೋಟೆ ಬಾಗಿಲಿನ ಪಾಳೆಯಗಾರನ ಹಾಗೆ. ಮಲ್ಲಯ್ಯ ಎಸರಿಗೆ ಅಕ್ಕಿ ಸುರಿದ. ಮುಚ್ಚಳ ಬಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

ಮೇಷ್ಟ್ರು: ದೆಓ.

ಮಲ್ಲಯ್ಯ: ದೆಓ.

ಮೇಷ್ಟ್ರು: ದೆಯ್ಸ್. ದೆಯ್.

ಮಲ್ಲಯ್ಯ: ದೆಯ್ಸ್. ದೆಯ್.

ಮೇಷ್ಟ್ರು: ಈಗ ನಾವು ಕಟ್ಟುತ್ತೇವೆ. ದೆಒಮೆನ್. (ನಿಂತು) ಅಲ್ಲ, ತಡಿ. ದೂಮೆನ್.

ಮಲ್ಲಯ್ಯ: ದೂಮೆನ್.

ಮೇಷ್ಟ್ರು: ಹೇಳಬೇಡ, ಹೇಳಬೇಡ! ನೆನಪು ಮಾಡ್ಕೊಳ್ತಾ ಇದ್ದೇನೆ. ಎರಡು ಸ್ವರ ಕೂಡಿ ಒಂದಾಗ್ತವೆ... ಆದರೆ ಇದೇ ಥರದ ಇನ್ನೊಂದು ಕ್ರಿಯಾಪದದಲ್ಲಿ ಕೂಡೋದಿಲ್ಲ... ನಮ್ಮ ಗುರುಗಳು ಇದೇ ಪ್ರಶ್ನೆಗೆ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ದರು.

ಕೇತಮ್ಮ: ನಾನು, ನೀನು, ಅವನು ಎಲ್ಲ ಸಲೀಸಾಗಿ ಕಟ್ಟುದ್ರಿ. ನಾವು ಅನ್ನೋ ಕಡೆ ಯಾಕ ಸಿಕ್ಕಾಕಂಡ್ರಿ? ಎರಡು ಮನೆ ಸೇರೋದೇ ಅಲ್ಲಿ!

ಮೇಷ್ಟ್ರು: ಅದೇ ತಾಯಿ ಕಷ್ಟದ ಜಾಗ.

ಮೇಷ್ಟ್ರು ಆಕಾಶ ನೋಡಿದರು. ಆಕಾಶದಲ್ಲಿ ಗ್ರೀಕ್ ಏನೂ ಬರೆದಿರಲಿಲ್ಲ. ಚಪ್ಪರದ ಕಂಬ ಹಿಡಿದು ಹಣೆ ಚಚ್ಚಿಕೊಂಡರು. ಅತ್ತ ಕೊಪ್ಪರಿಗೆಯ ಮುಚ್ಚಳ ಮೊದಲು ಮೆಲ್ಲಗೆ ಕುಣಿಯಿತು, ಆಮೇಲೆ ಜೋರಾಗಿ ಕುಣಿಯಿತು, ಆಮೇಲೆ ಕುಣಿಯುವುದನ್ನು ಬಿಟ್ಟು ಗೊಸಗೊಸ ಎಂದು ಗೊಣಗತೊಡಗಿತು.

ಮಲ್ಲಯ್ಯ: ಅಕ್ಕೋ, ಬೆಂಕಿ ಎಳಿಯವಾ? ಬಸ್ದುಬುಡ್ತೀನಿ.

ಪುಟ್ಟಮಾದಮ್ಮ: (ಸೌಟು ಎತ್ತಿ) ಮುಟ್ಟುದ್ರ ಕೈ ಮ್ಯಾಲ ಕೊಟ್ಟೇನು! ಮಂತ್ರ ಮುಗಿಬೇಕು.

ಮಲ್ಲಯ್ಯ: ಮಂತ್ರ ನಿಂತದ ಕಣಕ್ಕ, ಅನ್ನ ನಿಂತಿಲ್ಲ.

ಪುಟ್ಟಮಾದಮ್ಮ: ಬಾಯಿ!

ಮೇಷ್ಟ್ರು: ದೂಮೆನ್! ದೂಮೆನ್ನೇ ಸರಿ! ಬೆಂಚು ಹತ್ತಿಸಿದ್ದು ದೆಒಮೆನ್ ಅಂದದ್ದಕ್ಕೇ! ಮುಂದೆ ಹೇಳು, ದೆಯ್ತೆ...

ಅಲ್ಲಿಂದ ಅವರು ಭೂತಕಾಲಕ್ಕೆ ಇಳಿದರು. ಅಲ್ಲೊಮ್ಮೆ ಜಾರಿದರು. ಎದ್ದು ಭವಿಷ್ಯಕ್ಕೆ ಹಾರಿದರು. ಅದು ಭೂತವೆಂದು ತಿಳಿದು ಮರಳಿದರು. ಕಟ್ಟಿ ಮುಗಿಸಿದ ರೂಪಕ್ಕೆ ಬರುವ ಹೊತ್ತಿಗೆ ಹಿತ್ತಲಿನಲ್ಲಿ ಸೀದ ವಾಸನೆ ಎದ್ದು, ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಬೇರೆ ಕಡೆ ಹೋಗಿತ್ತು.

ಮಲ್ಲಯ್ಯ ಮುಚ್ಚಳ ತೆಗೆದ. ಎಲ್ಲರೂ ಬಗ್ಗಿ ನೋಡಿದರು. ಅನ್ನವಿರಲಿಲ್ಲ. ಕೊಪ್ಪರಿಗೆಯ ಆಕಾರದ ಒಂದೇ ಒಂದು ಬಿಳಿಯ ಬಂಡೆ ಇತ್ತು. ಪುಟ್ಟಮಾದಮ್ಮ ಅದಕ್ಕೆ ಸೌಟು ಚುಚ್ಚಿದಳು. ಕೈ ಬಿಟ್ಟಳು. ಸೌಟು ನೆಟ್ಟಗೆ ನಿಂತಿತು.

ಕೇತಮ್ಮ: (ಕೆನ್ನೆ ಕೆನ್ನೆ ಬಡಿದುಕೊಂಡು) ಅಯ್ಯೋ ನಮ್ಮಪ್ಪ ಬೀರೇಶ್ವರ! ಕಟ್ಟು ಅಂದದ್ದಕ್ಕ ಕಟ್ಟೇಬುಡ್ತಲ್ಲವ್ವ!

ಮೇಷ್ಟ್ರು: ಅದು ಹಾಗಲ್ಲ ತಾಯಿ, ಹೊತ್ತು ಹೆಚ್ಚಾಗಿ...

ಕೇತಮ್ಮ: ಸುಮ್ಕಿರಿ ಮೇಷ್ಟ್ರೇ. ನಿಮ್ಮ ಬಾಯಲ್ಲಿ ಅಂಥ ಸಕ್ತಿ ಮಡಿಕಂಡು ಐಕಳಿಗ ಮಗ್ಗಿ ಯೋಳ್ಕೊಡ್ತಿದ್ದೀರಲ್ಲ!

ಬೀಗಿತ್ತಿಯ ಕಣ್ಣು ಅನ್ನದ ಬಂಡೆಯಿಂದ ಚಪ್ಪರದ ಕಡೆಗೆ, ಅಲ್ಲಿ ಅನ್ನಕ್ಕೆಂದೇ ಗುಡ್ಡ ಹತ್ತಿ ಇಳಿದು ಬಂದು ಕೂತಿದ್ದ ಗುಮಟಾಪುರದ ಹಿರಿಯರ ಕಡೆಗೆ ಹರಿದುದನ್ನು ಪುಟ್ಟಮಾದಮ್ಮ ನೋಡಿದಳು. ಈಗ ಗಾಳಿ ತನ್ನ ಕಡೆ ತಿರುಗಿತೆಂದು ತಿಳಿಯಲು ಆಕೆಗೆ ಯಾವ ಭಾಷೆಯೂ ಬೇಕಾಗಲಿಲ್ಲ.

ಕೇತಮ್ಮ: (ಹತ್ತಿರ ಬಂದು, ಮೆತ್ತಗೆ) ಪುಟ್ಟಮಾದಮ್ಮ, ಇದ ನಮ್ಮ ಕಡೇವ್ರ ಎಲೆಗ ಬಡಿಸ್ತೀಯಾ?

ಪುಟ್ಟಮಾದಮ್ಮ: ಬಡ್ಸದೆ? ಚಾಕು ತಕ್ಕಂಡು ಕುಯ್ದು ಬಡಿಸ್ತೀನಿ.

ಕೇತಮ್ಮ: ಮನೇಲಿ ದಿನಾ ಮುದ್ದೆ ತಿನ್ನೋ ಜನ ಕಣವ್ವ. ಮುದ್ದೆ ಬ್ಯಾಡ ಅಂತ ಇಲ್ಲಿಗ ಬಂದವ್ರ. ಮಲ್ಲಯ್ಯನ ಅನ್ನ ಉಣ್ಣುಸ್ತೀನಿ ಅಂತ ಊರೆಲ್ಲ ನಾನೇ ಸಾರ್ಕಂಡು ಬಂದಿದ್ದೀನಿ.

ಪುಟ್ಟಮಾದಮ್ಮ: ನಾವೇನು ಮಾಡವಾ ಬೀಗ್ರೇ? ಬಿಚ್ಚೋ ಮಂತ್ರ ನಿಮಗಾಗಕಿಲ್ಲ.

ಕೇತಮ್ಮ: ಯಾರಂದ್ರು ಆಗಕಿಲ್ಲ ಅಂತ?

ಪುಟ್ಟಮಾದಮ್ಮ: ಕುಡುಗೋಲು ಬ್ಯಾರೆ ಅದ ಅದ್ರೊಳಗ.

ಕೇತಮ್ಮ: ಕುಡುಗೋಲಿಲ್ದೆ ಭತ್ತ ಕುಯ್ಯಕಾದದಾ? ಭತ್ತ ಕುಯ್ಯದೆ ಅಕ್ಕಿ ಆದದಾ? ಸರ್ಯಾಗೇ ಅದ!

ಪುಟ್ಟಮಾದಮ್ಮ: ಗಂಡ ಎಂಡ್ತಿಗ ಅಂತ ಬ್ಯಾರೆ ಮಡಗವ್ರ.

ಕೇತಮ್ಮ: ಅದೊಂದ ಬುಟ್ಟು ಮಿಕ್ಕಿದ್ದ ಯೋಳ್ಲಿ.

ಹೀಗೆ ಎರಡು ಊರುಗಳ ನಡುವೆ, ಸೌಟು ನೆಟ್ಟ ಅನ್ನವೇ ಸಾಕ್ಷಿಯಾಗಿ, ಸಂಧಿ ಏರ್ಪಟ್ಟಿತು. ಮೇಷ್ಟ್ರು ಚಪ್ಪರದಲ್ಲಿ ಗಂಡು ಹೆಣ್ಣಿನ ಪಕ್ಕ ನಿಂತು ಕಟ್ಟುವ ಮಂತ್ರ ಹೇಳತಕ್ಕದ್ದು. ಮಲ್ಲಯ್ಯ ಹಿತ್ತಲಿನಲ್ಲಿ ಕೊಪ್ಪರಿಗೆಯ ಪಕ್ಕ ನಿಂತು ಬಿಚ್ಚುವ ಮಂತ್ರ ಹೇಳತಕ್ಕದ್ದು. ಒಂದು ಇನ್ನೊಂದರ ಮೇಲೆ ಬೀಳದ ಹಾಗೆ ನಡುವೆ ಡೋಲಿನವರು ಕೈ ಬಿಡದೆ ಬಾರಿಸತಕ್ಕದ್ದು.

ಹಾಗೇ ನಡೆಯಿತು. ಸಣ್ಣ ತಾಳಿ ಹಿಡಿದ. ಮೇಷ್ಟ್ರು “ದೆಓ, ದೆಯ್ಸ್, ದೆಯ್” ಎಂದು ಏರುದನಿಯಲ್ಲಿ ತೊಡಗಿ, ದೂಮೆನ್ನಿನ ಕೂಡುಸ್ವರಗಳನ್ನು ವಿವರಿಸಲೆಂದು ಅಲ್ಲೇ ನಿಂತರು. ಅಷ್ಟರಲ್ಲಿ ಸಣ್ಣ ಗಂಟು ಹಾಕಿ ಮುಗಿಸಿದ್ದ. ಅತ್ತ ಹಿತ್ತಲಿನಿಂದ, ಡೋಲಿನ ಸದ್ದನ್ನೂ ಸೀಳಿಕೊಂಡು, “ಲೆಲೂಕಾಸಿ!” ಎಂಬ ಗರ್ಜನೆ ಕೇಳಿಸಿತು. ಕೇತಮ್ಮ ಕಣ್ಣು ಮುಚ್ಚಿ ಕೈ ಮುಗಿದಳು.

ಎಲೆಗೆ ಬಿದ್ದ ಅನ್ನ ಮಲ್ಲಿಗೆ ಚೆಲ್ಲಿದಂತಿತ್ತು. ಗುಮಟಾಪುರದ ಹಿರಿಯರು ಎರಡನೆಯ ಸಲ, ಮೂರನೆಯ ಸಲ ಹಾಕಿಸಿಕೊಂಡರು. ಮೊದಲನೆಯ ಕೊಪ್ಪರಿಗೆಯ ಬಂಡೆಯನ್ನು ಹೆಣ್ಣಿನ ಕಡೆಯವರು ಸದ್ದಿಲ್ಲದೆ ಒಡೆದು, ಉಂಡೆ ಕಟ್ಟಿ, ಸಾರಿನಲ್ಲಿ ಮುಳುಗಿಸಿ ಮುಗಿಸಿದರು. ದೊಡ್ಡಮಾದ ಆಗ ಬಾಳೆಎಲೆ ಹೊತ್ತು ಬಂದ.

ಊಟವಾದ ಮೇಲೆ ಕೇತಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಹಿತ್ತಲಿಗೆ ಬಂದಳು. ಮಲ್ಲಯ್ಯ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ್ದ. ಪುಟ್ಟಮಾದಮ್ಮ ಪಕ್ಕದಲ್ಲೇ, ಗೆದ್ದ ರಾಜನ ತಾಯಿಯ ಗತ್ತಿನಲ್ಲಿ ನಿಂತಿದ್ದಳು. ಮೇಷ್ಟ್ರೂ ಇದ್ದರು.

ಕೇತಮ್ಮ: ಮಲ್ಲಯ್ಯಣ್ಣ, ಆಡಿದ್ದೆಲ್ಲ ಒಟ್ಟೆಗ ಆಕ್ಕಬುಡು. ಆ ಮಂತ್ರ ನಂಗೂ ಯೋಳ್ಕೊಡು. ಯಾವ ದೇವ್ರದು? ಉಪಾಸ ಇರ್ಬೇಕಾ?

ಮಲ್ಲಯ್ಯ: ದೇವ್ರದಲ್ಲ ಕೇತಮ್ಮಕ್ಕ. ಮಠದ ಐಕಳದು.

ಬೆಳಿಗ್ಗೆಯಿಂದ ತಮ್ಮ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಮುಚ್ಚಿಸಿದ್ದು ಪುಟ್ಟಮಾದಮ್ಮನಿಗೆ ಈಗ ನೆನಪಾಯಿತು.

ಪುಟ್ಟಮಾದಮ್ಮ: ಲೋ, ಗುಟ್ಟ ಯೋಳ್ಬ್ಯಾಡ್ಲಾ. ಸಕ್ತಿ ಓಯ್ತದ.

ಮಲ್ಲಯ್ಯ: ಗುಟ್ಟೇನ್ ಬಂತಕ್ಕ? ಅಲ್ಲಿ ಅಡಿಗೆಮನೆ ಗ್ವಾಡೆ ಪಕ್ಕದಲ್ಲೇ ಐಕ ಕುಂತ್ಕಂಡು ದಿನಾ ಇದ ಒದರೋವು. ನಾನು ಎಸರಿಗ ಅಕ್ಕಿ ಉಯ್ಯೋ ಹೊತ್ಗ ಲೂಓ ಅನ್ನೋವು. ಲೆಲೂಕಾಸಿ ಅನ್ನೋ ಹೊತ್ಗ ಅನ್ನ ಬೆಂದಿರದು. ಊರಿಗ ಬಂದ್ಮ್ಯಾಲ ಐಕ ಇಲ್ಲ, ನಾನೇ ಒದರ್ಕತೀನಿ.

ಮೇಷ್ಟ್ರು: ಹಾಗಾದರೆ ಅದರ ಅರ್ಥ?

ಮಲ್ಲಯ್ಯ: ನೀವು ಯೋಳಿದ್ಮ್ಯಾಲೇ ಗೊತ್ತಾದ್ದು ಮೇಷ್ಟ್ರೇ. ನಿಮ್ಮದೂ ಒಳ್ಳೇದೇ ಅದ. ನಡುವ ನಡುವ ನಿಂತೋಯ್ತದ, ಅಷ್ಟೇಯ.

ಕೇತಮ್ಮ: ಮತ್ತ ಆ ಬಸ್ಸು?

ಮಲ್ಲಯ್ಯ: ಇಂಜಿನ್ ಕಾದದ, ಒಂದು ಅನ್ನ ಬೇಯೋ ಹೊತ್ತು ಬುಡಿ, ತಣ್ಣಗಾಯ್ತದ ಅಂದ್ರು ಡ್ರೈವರ್ರು. ಅಳ್ದು ಕೊಟ್ಟೆ.

ಪುಟ್ಟಮಾದಮ್ಮ: ಸಲಗ ಕಣ್ಲಾ! ಸಲಗ ಓಡೋಯ್ತಲ್ಲ!

ಮಲ್ಲಯ್ಯ: ಓಡ್ನಿಲ್ಲ, ನಿಧಾನಕ್ಕೇ ಓಯ್ತು. ಎಷ್ಟೊತ್ತು ಅಡ್ಡ ನಿಂತಿತ್ತು ಅಂತ ಮನೇಲಿ ಎಂಡ್ತಿ ಕೇಳ್ತಾಳಲ್ಲಕ್ಕ.

ಕೇತಮ್ಮ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು, ಮಲ್ಲಯ್ಯನನ್ನು ನೋಡಿದಳು. ಕೊಡುವುದೋ ಬಿಡುವುದೋ ತೋಚಲಿಲ್ಲ.

ಕೇತಮ್ಮ: ಅಷ್ಟೇನಾ?

ಮಲ್ಲಯ್ಯ: ಅಷ್ಟೇ ಕಣಕ್ಕ. ಒಂದು ಗಡಿಯಾರ ಇದ್ದಿದ್ರ ಬಾಯಿ ಮುಚ್ಕಂಡು ಅನ್ನ ಮಾಡ್ತಿದ್ದೆ.